ದೃಷ್ಟಿನಷ್ಟದ ಕ್ಷೇತ್ರದಲ್ಲಿ ದುಡಿಯುವವರಿಗೊಂದು ರಾಷ್ಟ್ರೀಯ ಸಂಘ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುವುದು ನನ್ನ ಕಸುಬು. ಇಪ್ಪತ್ತು ವರ್ಷ ದಾಟಿತು. ‘ನಮ್ಮ ಕೆಲಸದವರಿಗೂ ದೇಶದ ಮಟ್ಟದಲ್ಲಿ ಒಂದು ಬಲವಾದ ಸಂಘ ಬೇಕಲ್ಲವೇ’ ಎಂದು ನಾನು ಮಾತೆತ್ತಿದಾಗಲೆಲ್ಲ ಅವೇ ಹದಿನೈದು ಹದಿನಾರು ಪ್ರಶ್ನೆಗಳು ಎದುರಾಗುತ್ತವೆ. ಫೋನಿನಲ್ಲಿ ಒಬ್ಬೊಬ್ಬರಿಗೇ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಇವು ನನ್ನ ಅಭಿಪ್ರಾಯಗಳು; ಜಗಳಕ್ಕೆ ಬರುವವರಿಗೂ ಸ್ವಾಗತ.

‘ನಮ್ಮ ಕೆಲಸದವರು’ ಎಂದರೆ ಯಾರು?

ಕಣ್ಣಿನ ಡಾಕ್ಟರು ‘ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಕಡತ ಮುಚ್ಚಿದ ದಿನದಿಂದ ಯಾರ ಕೆಲಸ ಶುರುವಾಗುತ್ತದೆಯೋ ಅವರು. ಅಂಧ ಮಕ್ಕಳ ಶಾಲೆಯ ವಿಶೇಷ ಶಿಕ್ಷಕರು, ಸರ್ಕಾರಿ ಶಾಲೆಗಳನ್ನು ಸುತ್ತುವ ಬಿಐಇಆರ್‌ಟಿಗಳು (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು), ನನ್ನಂಥ ಚಲನವಲನ ತರಬೇತುದಾರರು, ಮಂದದೃಷ್ಟಿಯವರಿಗೆ ಭೂತಗನ್ನಡಿ ಹೊಂದಿಸಿಕೊಡುವ ಆಪ್ಟೊಮೆಟ್ರಿಸ್ಟರು, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಕಲಿಸುವವರು, ಬ್ರೈಲ್ ಮುದ್ರಣಾಲಯದವರು, ಆಪ್ತಸಮಾಲೋಚಕರು. ಹಾಗೆಯೇ ಕರ್ನಾಟಕದ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯುಗಳು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು). ಈ ಕೊನೆಯವರ ಹೆಸರು ಹೇಳಿದಾಗ ಕೆಲವರು ‘ಅವರು ಗೌರವಧನದ ಕಾರ್ಯಕರ್ತರಲ್ಲವೇ, ವೃತ್ತಿಪರರು ಹೇಗಾಗುತ್ತಾರೆ’ ಎಂದು ಹುಬ್ಬೇರಿಸುತ್ತಾರೆ. ಹಳ್ಳಿಯಲ್ಲಿ ದೃಷ್ಟಿ ಕಳೆದುಕೊಂಡವರ ಮನೆ ಬಾಗಿಲಿಗೆ ಮೊದಲು ಹೋಗುವವರು ಅವರೇ. ಅವರನ್ನು ಹೊರಗಿಟ್ಟು ಕಟ್ಟಿದ ಸಂಘದಲ್ಲಿ ಹಳ್ಳಿಯೇ ಇರುವುದಿಲ್ಲ.

ಕಾನೂನು ಯಾರನ್ನು ಅಂಧರು, ಯಾರನ್ನು ಮಂದದೃಷ್ಟಿಯವರು ಎನ್ನುತ್ತದೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ಎರಡು ಕಣ್ಣುಗಳಲ್ಲಿ ಉತ್ತಮವಾದದ್ದಕ್ಕೆ ಕನ್ನಡಕ ಹಾಕಿದ ಮೇಲೂ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. ಅಂದರೆ ಸರಿಯಾದ ಕಣ್ಣು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರ ಇವರಿಗೆ 3 ಮೀಟರ್ ಹತ್ತಿರಕ್ಕೆ ಬಂದರೂ ಕಾಣದು. 6/18ರಿಂದ 3/60ರವರೆಗೆ ಮಂದದೃಷ್ಟಿ. ನೋಟದ ಹರವಿಗೂ ಲೆಕ್ಕವಿದೆ: 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ, 10ರಿಂದ 40ರೊಳಗಿದ್ದರೆ ಮಂದದೃಷ್ಟಿ. ಇರುಳುಗುರುಡಿನಿಂದ ಶುರುವಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರು ಎದುರಿಗಿರುವ ಪತ್ರಿಕೆ ಓದಬಲ್ಲರು, ಪಕ್ಕದಲ್ಲಿರುವ ಕುರ್ಚಿಗೆ ಎಡವುತ್ತಾರೆ. ಊರಿನವರು ‘ನಾಟಕ ಆಡುತ್ತಾನೆ’ ಎನ್ನುವುದು ಇಂಥವರನ್ನೇ.

ಅಂಥವರು ದೇಶದಲ್ಲಿ ಎಷ್ಟು ಜನ? ನಾವೆಷ್ಟು ಜನ?

2011ರ ಜನಗಣತಿಯಲ್ಲಿ ನೋಟದ ಅಂಗವೈಕಲ್ಯ ಎಂದು ಬರೆಸಿದವರು 50 ಲಕ್ಷಕ್ಕೂ ಹೆಚ್ಚು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಅಂಧತ್ವದ ಪ್ರಮಾಣವನ್ನು ಶೇಕಡಾ 0.36 ಎಂದು ಅಂದಾಜಿಸಿತು. 50 ದಾಟಿದವರಲ್ಲಿ ಅದು ಶೇಕಡಾ 1.99. ಜನಗಣತಿಯವರು ಬಾಗಿಲಲ್ಲಿ ನಿಂತು ಕೇಳಿ ಬರೆದುಕೊಂಡರು, ಸಮೀಕ್ಷೆಯವರು ಕಣ್ಣು ಅಳೆದರು. ಸಾಲದ್ದಕ್ಕೆ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಅಂಧತ್ವದ ಗಡಿಯೇ 2017ರವರೆಗೆ 6/60 ಇತ್ತು, ಆಮೇಲೆ 3/60 ಆಯಿತು. ಎರಡು ಅಂಕಿಗಳನ್ನು ಒಂದೇ ಭಾಷಣದಲ್ಲಿ ಬೆರೆಸುವವರನ್ನು ನಂಬಬೇಡಿ.

ಇನ್ನು ನಾವೆಷ್ಟು ಜನ ಎಂಬುದು. ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಕೆಲಸದಲ್ಲಿಲ್ಲ; ತರಬೇತಿ ಮುಗಿಸಿ ಕೆಲಸ ಸಿಗದೆ ಬಟ್ಟೆ ಅಂಗಡಿಯಲ್ಲಿ ಕುಳಿತವರು ನನ್ನ ಜೊತೆ ಕಲಿತವರಲ್ಲೇ ಇದ್ದಾರೆ. ಯಾವ ತಾಲ್ಲೂಕಿನಲ್ಲಿ ಯಾರಿದ್ದಾರೆ, ಏನು ಕಲಿಸಬಲ್ಲರು ಎಂಬ ಪಟ್ಟಿಯನ್ನು ಸಂಘವೇ ಮಾಡಬೇಕು. ಸಂಘದ ಮೊದಲ ಪ್ರಕಟಣೆ ಸ್ಮರಣ ಸಂಚಿಕೆ ಆಗದೆ ಈ ಪಟ್ಟಿ ಆಗಲಿ.

ಆರ್‌ಸಿಐ ಇದೆಯಲ್ಲ, ಮತ್ತೆ ಸಂಘವೇಕೆ?

ಬಾರ್ ಕೌನ್ಸಿಲ್ ಇದ್ದರೂ ಪ್ರತಿ ಕೋರ್ಟಿನ ಆವರಣದಲ್ಲಿ ವಕೀಲರ ಸಂಘ ಏಕಿದೆಯೋ ಅದಕ್ಕೇ. ಭಾರತೀಯ ಪುನರ್ವಸತಿ ಪರಿಷತ್ತು 1992ರ ಕಾಯ್ದೆಯಿಂದ ಹುಟ್ಟಿದ ಶಾಸನಬದ್ಧ ಸಂಸ್ಥೆ. ಕೋರ್ಸುಗಳಿಗೆ ಮಾನ್ಯತೆ ಕೊಡುವುದು, ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕ ಇಡುವುದು ಅದರ ಕೆಲಸ. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಆ ಕಾಯ್ದೆಯಲ್ಲಿದೆ. ಅದು ಸಮಾಜವನ್ನು ನಮ್ಮಿಂದ ಕಾಪಾಡುವ ವ್ಯವಸ್ಥೆ, ಅದು ಸರಿಯೂ ಹೌದು. ಆದರೆ ನಮ್ಮ ಸಂಬಳ, ನಮ್ಮ ಸಂಶಯ, ನಮ್ಮ ಒಂಟಿತನ ಅದರ ಕಾರ್ಯಸೂಚಿಯಲ್ಲಿ ಬರುವುದಿಲ್ಲ.

ಇನ್ನೊಂದು ತೊಡಕಿದೆ. ವಿಶೇಷ ಶಿಕ್ಷಕರು ಆರ್‌ಸಿಐ ಕೆಳಗೆ. ಆಪ್ಟೊಮೆಟ್ರಿಸ್ಟರು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಕೆಳಗೆ. ಡಾಕ್ಟರುಗಳಿಗೆ ಬೇರೆಯೇ ಆಯೋಗ. ಸ್ಕ್ರೀನ್ ರೀಡರ್ ಕಲಿಸುವವರು ಯಾರ ಕೆಳಗೂ ಸ್ಪಷ್ಟವಾಗಿ ಇಲ್ಲ. ಮಂದದೃಷ್ಟಿಯ ಒಂದೇ ಮಗುವಿನ ಸುತ್ತ ನಾಲ್ಕು ಜನ ಕೆಲಸ ಮಾಡುತ್ತಾರೆ, ನಾಲ್ವರೂ ಕೂಡಿ ಕೂರುವ ಒಂದು ಜಗಲಿ ಇಲ್ಲ.

ಅಂಧರ ಸಂಘಗಳೇ ದೇಶದಲ್ಲಿ ಬೇಕಾದಷ್ಟಿವೆ. ಅವುಗಳಿಗೆ ಪೈಪೋಟಿಯೇ?

ಅಲ್ಲ. 1952ರಲ್ಲಿ ಮುಂಬೈಯಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್‌ನಂಥ ಸಂಸ್ಥೆಗಳು ಸೇವೆ ನಡೆಸುತ್ತವೆ. ಅಂಧರೇ ಕಟ್ಟಿದ ಒಕ್ಕೂಟಗಳು ಹಕ್ಕಿಗಾಗಿ ಹೋರಾಡುತ್ತವೆ. ನಾವು ಕೇಳುವುದು ಕಸುಬಿನ ಸಂಘ. ಒಂದು ಎಚ್ಚರ ಮಾತ್ರ ಬೇಕು: ಅಂಧರ ಪರವಾಗಿ ಮಾತನಾಡುವ ಹಕ್ಕು ನಮಗೆ ಬಂತು ಎಂದುಕೊಂಡ ದಿನವೇ ಆ ಒಕ್ಕೂಟಗಳ ಜೊತೆ ನಮ್ಮ ಸಂಬಂಧ ಕೆಡುತ್ತದೆ. ಕೆಡಲೂ ಬೇಕು.

ಬೇರೆ ಕಡೆ ಇಂಥದ್ದು ಬೆಳೆದ ಉದಾಹರಣೆ ಇದೆಯೇ?

ಅಮೆರಿಕದ್ದು ಚೆನ್ನಾಗಿ ದಾಖಲಾಗಿದೆ, ಅದರ ತಪ್ಪುಗಳೂ ಸೇರಿದಂತೆ. ಅಲ್ಲಿ ಮೊದಲು ಎರಡು ಮನೆಗಳಿದ್ದವು. ಅಂಧ ಮಕ್ಕಳ ಶಿಕ್ಷಕರದು ಒಂದು, ಅದರ ಬೇರು 1853ರವರೆಗೆ ಹೋಗುತ್ತದೆ. ವಯಸ್ಕರ ಜೊತೆ ದುಡಿಯುವವರದು ಇನ್ನೊಂದು. ಎರಡೂ ದಶಕಗಳ ಕಾಲ ಪಕ್ಕಪಕ್ಕದಲ್ಲೇ ನಡೆದು 1984ರಲ್ಲಿ ಒಂದಾದವು. ಆ ಸಂಘವನ್ನು ಎಇಆರ್ (ಅಂಧರ ಶಿಕ್ಷಣ ಮತ್ತು ಪುನರ್ವಸತಿಯ ಸಂಘ) ಎನ್ನುತ್ತಾರೆ. ಆಮೇಲೆ 2000ದಲ್ಲಿ ಪ್ರಮಾಣಪತ್ರ ಕೊಡುವ ಕೆಲಸವನ್ನು ಬೇರೆ ಮಂಡಳಿಗೆ ಒಪ್ಪಿಸಿದರು. ಇದು ಜಾಣತನ. ಚಂದಾ ವಸೂಲಿ ಮಾಡುವ ಕೈಯೇ ಅರ್ಹತೆಯ ಮುದ್ರೆಯನ್ನೂ ಒತ್ತಿದರೆ ಹೊರಗಿನವರು ನಂಬುವುದು ಕಷ್ಟ.

ಈಗ ತಪ್ಪಿನ ಕಥೆ. ಇಂದು ನಾವೆಲ್ಲ ಕಲಿಸುವ ಉದ್ದ ಕೋಲಿನ ವಿಧಾನವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ರೂಪಿಸಿದರು. 1948ರಲ್ಲಿ ಶಿಕಾಗೊ ಬಳಿಯ ಹೈನ್ಸ್‌ನಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗೆ ಪುನರ್ವಸತಿ ಕೇಂದ್ರ ತೆರೆದಾಗ ಅದರ ಮುಖ್ಯಸ್ಥರಾದವರು ರಸೆಲ್ ವಿಲಿಯಮ್ಸ್. ಅವರೂ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರು. 1960ರಲ್ಲಿ ಬಾಸ್ಟನ್ ಕಾಲೇಜಿನಲ್ಲಿ ಕೋಲಿನ ನಡಿಗೆ ಕಲಿಸುವ ಈ ಕಸುಬು ಸ್ನಾತಕೋತ್ತರ ವಿಷಯವಾಯಿತು. ಅಲ್ಲಿಂದ ಮುಂದೆ ವಿಚಿತ್ರ ನಡೆಯಿತು: ಕೋಲು ಕಲಿಸುವವರಿಗೆ ಕಣ್ಣು ಕಾಣಲೇಬೇಕು ಎಂಬ ನಿಯಮ ಬಂದು ಬಹುಕಾಲ ಉಳಿಯಿತು. ಅಂಧ ಮುಖ್ಯಸ್ಥರಿದ್ದ ಕೇಂದ್ರದಿಂದ ಬೆಳೆದ ಕಸುಬು ಅಂಧರಿಗೇ ಬಾಗಿಲು ಹಾಕಿತು. ಅಂಧರ ಒಕ್ಕೂಟದವರು ಸುಮ್ಮನಿರಲಿಲ್ಲ. ಅವರ ಪ್ರಯತ್ನದಿಂದ 2001ರಲ್ಲಿ ಪ್ರತ್ಯೇಕ ಪ್ರಮಾಣಪತ್ರ ಮಂಡಳಿಯೇ ಹುಟ್ಟಿತು. ಹೀಗಾಗಿ ಅಲ್ಲಿ ಇಂದಿಗೂ ಎರಡು ಬಗೆಯ ಮುದ್ರೆಗಳಿವೆ.

ಹಾಗಾದರೆ ನಮ್ಮ ಸಂಘದಲ್ಲಿ ಅಂಧ ಸದಸ್ಯರ ಸ್ಥಾನವೇನು?

ಬೇರೆ ಎಲ್ಲರದೇ ಸ್ಥಾನ. ನಮ್ಮಲ್ಲಿ ವಿಶೇಷ ಶಿಕ್ಷಕರಲ್ಲಿ ಎಷ್ಟೋ ಜನ ಅಂಧರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ತಲೆಮಾರುಗಳಿಗೆ ಸಂಗೀತ ಕಲಿಸಿದ ನಾಡಿನಲ್ಲಿ ‘ಕಣ್ಣಿಲ್ಲದವರು ಹೇಗೆ ಕಲಿಸುತ್ತಾರೆ’ ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ.

ಬೈಲಾದಲ್ಲಿ ‘ಸಮಾನರು’ ಎಂದು ಬರೆದ ಮಾತ್ರಕ್ಕೆ ಸಮಾನತೆ ಬರುವುದಿಲ್ಲ. ಅದು ಸುತ್ತೋಲೆಯಲ್ಲಿ ಬರಬೇಕು. ಒಮ್ಮೆ ಒಂದು ಸಭೆಯ ನೋಟಿಸು ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿ ಬಂದಿತ್ತು. ನನ್ನ ಅಂಧ ಸಹೋದ್ಯೋಗಿ ಅದನ್ನು ಸ್ಕ್ರೀನ್ ರೀಡರಿಗೆ ಕೊಟ್ಟರು. ಆ ಫಾಂಟಿನೊಳಗೆ ‘ಕನ್ನಡ’ ಎಂಬ ಪದ ಕೂಡ ನಡುವೆ ಪೌಂಡ್ ಚಿಹ್ನೆ ಸಿಕ್ಕಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಗೋಜಲು. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಬರೀ ಚಿತ್ರ. ಯಂತ್ರ ಐದು ನಿಮಿಷ ತೊದಲಿತು. ಅವರು ತಾಳ್ಮೆಯಿಂದ ಪೂರ್ತಿ ಕೇಳಿ, ‘ಸಭೆ ಯಾವ ಗ್ರಹದಲ್ಲಿದೆ ಎಂದು ತಿಳಿಯಲಿಲ್ಲ’ ಎಂದರು. ಅಂಧರ ಬಗ್ಗೆಯೇ ಕರೆದ ಸಭೆ ಅದು!

ಆದ್ದರಿಂದ ಸಂಘದ ಪ್ರತಿ ಅಕ್ಷರವೂ ಯಂತ್ರಕ್ಕೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ನಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಬಣ್ಣದ ಪೋಸ್ಟರ್ ಹಾಕಿದರೆ ಕೆಳಗೆ ಅದೇ ವಿಷಯವನ್ನು ಟೈಪ್ ಮಾಡಿ ಹಾಕಲಿ. ಲೆಕ್ಕಪತ್ರವನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಕಳಿಸುವುದು ಬೇಡ. ಸಭೆಯಲ್ಲಿ ಮಾತನಾಡುವ ಮೊದಲು ಹೆಸರು ಹೇಳುವುದು ರೂಢಿಯಾಗಲಿ. ಚುನಾವಣೆ ನಡೆದರೆ ಬ್ರೈಲ್ ಮತಪತ್ರ ಇರಲಿ. ಮತ ಗುಟ್ಟಾಗಿರಬೇಕಾದದ್ದು ಅಂಧ ಸದಸ್ಯರದೂ ಹೌದು.

ಸದಸ್ಯನಾದರೆ ನನಗೇನು ಸಿಗುತ್ತದೆ?

ಎಲ್ಲರೂ ಕೇಳುವ, ಕೇಳಬೇಕಾದ ಪ್ರಶ್ನೆ ಇದು. ಗುರುತಿನ ಚೀಟಿ, ಡೈರಿ, ಗೋಡೆ ಕ್ಯಾಲೆಂಡರ್ ಎಂದು ಉತ್ತರಿಸುವ ಸಂಘಕ್ಕೆ ಸೇರಬೇಡಿ. ನನ್ನ ಉತ್ತರಕ್ಕೆ ಒಂದು ಸಣ್ಣ ಘಟನೆ ಬೇಕು.

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಗ್ಲಾಕೋಮಾದಿಂದ ದೃಷ್ಟಿ ಹೋದ ದರ್ಜಿಯೊಬ್ಬರಿಗೆ ಮನೆಯಿಂದ ಬಸ್ ನಿಲ್ದಾಣದವರೆಗೆ ನಡೆಯಲು ಕಲಿಸುತ್ತಿದ್ದೆ. ಐವತ್ತೆಂಟರ ಯಜಮಾನರು. ನಾನು ಪುಸ್ತಕದಲ್ಲಿ ಕಲಿತದ್ದನ್ನೇ ಹೇಳಿದೆ: ಕೋಲು ಎದೆಮೂಳೆಯ ಎತ್ತರಕ್ಕಿರಬೇಕು, ಬಲಗಾಲು ಮುಂದಿಡುವಾಗ ತುದಿ ಎಡಕ್ಕೆ ತಾಗಬೇಕು, ಎಡಗಾಲಿಗೆ ಬಲಕ್ಕೆ, ಬೀಸು ಭುಜಕ್ಕಿಂತ ಸ್ವಲ್ಪವೇ ಅಗಲ. ಪುಸ್ತಕ ಬರೆದವರ ಊರಿನಲ್ಲಿ ಕಾಲುದಾರಿ ಇತ್ತು, ಅದಕ್ಕೊಂದು ಅಂಚುಗಲ್ಲು ಇತ್ತು. ನಮ್ಮಲ್ಲಿ ಇದ್ದದ್ದು ಚರಂಡಿಯ ಮೇಲೆ ಹಾಸಿದ ಚಪ್ಪಡಿ, ಎರಡು ಚಪ್ಪಡಿಗಳ ನಡುವೆ ನಾಲ್ಕು ಬೆರಳು ಸಂದು. ಕೋಲಿನ ಸಪೂರ ತುದಿ ಆ ಸಂದಿಗೆ ಸಿಕ್ಕಿ ಹಿಡಿಕೆ ಹೊಟ್ಟೆಗೆ ಗುದ್ದಿತು. ಮೂರನೆಯ ಸಲ ಗುದ್ದಿದಾಗ ಅವರು ನಿಂತು, ‘ಸಾರ್, ನಿಮ್ಮ ಕೋಲಿಗಿಂತ ನನ್ನ ಗಜಕೋಲೇ ವಾಸಿ’ ಎಂದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರು ವರ್ಷದ ನಂತರ ಒಂದು ತರಬೇತಿಯಲ್ಲಿ ಚಹಾದ ಹೊತ್ತಿಗೆ ಕರಾವಳಿಯ ಸಹೋದ್ಯೋಗಿಯೊಬ್ಬರು ಸಿಕ್ಕರು. ವಿಷಯ ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು ತಮ್ಮ ಚೀಲದಿಂದ ಉರುಳುವ ದಪ್ಪ ತುದಿಯೊಂದನ್ನು ತೆಗೆದು ಕೈಗಿಟ್ಟರು. ನಿಂಬೆಹಣ್ಣಿನ ಗಾತ್ರದ್ದು. ಎತ್ತಿ ಬಡಿಯುವ ಬದಲು ನೆಲಕ್ಕೆ ತಾಗಿಸಿಯೇ ಉರುಳಿಸಬೇಕು, ಸಣ್ಣ ಸಂದುಗಳನ್ನು ದಾಟುತ್ತದೆ. ಸಂತೆಯ ಗುಂಪಿನಲ್ಲಾದರೆ ಕೋಲನ್ನು ಮೇಲಕ್ಕೆತ್ತಿ ಪೆನ್ಸಿಲ್ ಹಿಡಿದಂತೆ ಹಿಡಿದು ಹತ್ತಿರದಲ್ಲೇ ತಡಕಬೇಕು ಎಂದೂ ತೋರಿಸಿದರು. ಅವರಿಗೆ ಇದೇನೂ ಹೊಸದಲ್ಲ. ನನಗೆ ಕೇಳಲು ಯಾರೂ ಇರಲಿಲ್ಲ, ಅಷ್ಟೇ. ಆ ದರ್ಜಿ ಮೂರು ವರ್ಷ ಮನೆಯಲ್ಲಿ ಕುಳಿತದ್ದು ಅವರ ಕಣ್ಣಿನ ಕಾರಣಕ್ಕೆ ಅಲ್ಲ.

ಸದಸ್ಯನಾದರೆ ಸಿಗಬೇಕಾದದ್ದು ಇದು: ಮಂಗಳವಾರ ಹುಟ್ಟಿದ ಸಂಶಯಕ್ಕೆ ಗುರುವಾರದೊಳಗೆ ಉತ್ತರ.

ನೋಂದಣಿ ಹೇಗೆ?

ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು. ಅಖಿಲ ಭಾರತ ವ್ಯಾಪ್ತಿ ಬೇಕೆಂದರೆ 1860ರ ಸಂಘಗಳ ನೋಂದಣಿ ಕಾಯ್ದೆ ಜಾರಿಯಲ್ಲಿರುವ ಕಡೆ ನೋಂದಾಯಿಸುವುದುಂಟು; ಬೇರೆ ಬೇರೆ ರಾಜ್ಯಗಳ ಎಂಟು ಜನ ಇರಬೇಕೆಂದು ಕಚೇರಿಗಳು ಕೇಳುವುದು ರೂಢಿ. ಲಾಭಕ್ಕಲ್ಲದ ಕಂಪನಿಗಳಿಗೆಂದೇ ಇರುವ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಇನ್ನೊಂದು ದಾರಿ. ಸದಸ್ಯರೇ ಮತ ಹಾಕಿ ನಡೆಸುವ ಸಂಘಕ್ಕೆ ಸೊಸೈಟಿಯೇ ಮೇಲು ಎಂಬುದು ನನ್ನ ಎಣಿಕೆ.

ಆದರೆ ನೋಂದಣಿಯಿಂದಲೇ ಶುರು ಮಾಡಬೇಡಿ. ಲೆಟರ್‌ಹೆಡ್ ಮೊದಲು ಅಚ್ಚಾಗಿ ಕೆಲಸ ಆಮೇಲೆ ಹುಡುಕುವ ಸಂಘಗಳನ್ನು ಸಾಕಷ್ಟು ಕಂಡಿದ್ದೇವೆ. ಗೌರವಾಧ್ಯಕ್ಷ, ಅಧ್ಯಕ್ಷ, ಕಾರ್ಯಾಧ್ಯಕ್ಷ, ಹಿರಿಯ ಉಪಾಧ್ಯಕ್ಷ ಎಂದು ಹುದ್ದೆ ಹಂಚಿ ಮುಗಿಯುವಷ್ಟರಲ್ಲಿ ಅರ್ಧ ಜನ ಮುನಿಸಿಕೊಂಡಿರುತ್ತಾರೆ.

ಚಂದಾ ಎಷ್ಟಿಡಬೇಕು?

ಎಲ್ಲರಿಗೂ ಒಂದೇ ದರ ಬೇಡ. ನಗರದ ಆಸ್ಪತ್ರೆಯ ಆಪ್ಟೊಮೆಟ್ರಿಸ್ಟರಿಗೂ ಗೌರವಧನದ ವಿಆರ್‌ಡಬ್ಲ್ಯುಗೂ ಒಂದೇ ಚಂದಾ ಎಂದರೆ ಎರಡನೆಯವರನ್ನು ಬೇಡ ಎಂದಂತೆ. ಆಜೀವ ಸದಸ್ಯತ್ವವನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಹಣ ಕಟ್ಟಿದವರನ್ನು ಮತ್ತೆ ಒಲಿಸಿಕೊಳ್ಳುವ ಅಗತ್ಯ ಸಂಘಕ್ಕೆ ಇರುವುದಿಲ್ಲ. ವರ್ಷ ವರ್ಷ ಕಟ್ಟುವವರೇ ಸಂಘ ಬದುಕಿದೆಯೋ ಇಲ್ಲವೋ ಎಂದು ಹೇಳುವ ಮಾಪಕ.

ಸಲಕರಣೆ ಕಂಪನಿಗಳಿಂದ ಹಣ ಪಡೆಯಬಹುದೇ?

ಸಮ್ಮೇಳನದಲ್ಲಿ ಮಳಿಗೆಗೆ ಬಾಡಿಗೆ ಪಡೆಯಿರಿ. ವೇದಿಕೆ ಮಾರಬೇಡಿ. ಯಾವ ಭೂತಗನ್ನಡಿ, ಯಾವ ಯಂತ್ರ ಯಾರಿಗೆ ಹೊಂದುತ್ತದೆ ಎಂದು ನಾವು ಹೇಳುವ ಮಾತಿನ ಮೇಲೆ ಬಡವರು ಸಾಲ ಮಾಡಿ ಖರೀದಿಸುತ್ತಾರೆ. ಆ ಮಾತಿಗೆ ಕಮಿಷನ್ ಅಂಟಿದರೆ ಸದಸ್ಯತ್ವ ರದ್ದು ಎಂದು ಬೈಲಾದಲ್ಲೇ ಇರಲಿ.

ಡಾಕ್ಟರುಗಳನ್ನು ಸೇರಿಸಿಕೊಳ್ಳಬೇಕೇ?

ಸೇರಲಿ. ಆದರೆ ಅವರಿಗೆ 1930ರಿಂದಲೇ ಅಖಿಲ ಭಾರತ ನೇತ್ರತಜ್ಞರ ಸಂಘವಿದೆ, ಅಧ್ಯಕ್ಷರಾಗಲು ನಮ್ಮದೇ ಬೇಕೆಂದಿಲ್ಲ. ನಮಗೆ ಅವರಿಂದ ಬೇಕಾದದ್ದು ಒಂದು ಚೀಟಿ: ಚಿಕಿತ್ಸೆ ಮುಗಿದ ಮೇಲೆ ರೋಗಿಯ ಕೈಗೆ ನಮ್ಮ ವಿಳಾಸ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ಕಡೆ ಪುನರ್ವಸತಿ ವಿಭಾಗ ಆಸ್ಪತ್ರೆಯೊಳಗೇ ಇದೆ. ಉಳಿದ ಎಷ್ಟೋ ಕಡೆ ರೋಗಿ ಮೆಟ್ಟಿಲಿಳಿದು ಮನೆಗೆ ಹೋಗಿ ವರ್ಷಗಟ್ಟಲೆ ಹೊರಬರುವುದಿಲ್ಲ.

ಭಾಷೆಯ ಜಗಳ ಹೇಗೆ ಬಗೆಹರಿಸುವುದು?

ಸ್ವಾರಸ್ಯವೆಂದರೆ, ಈ ಜಗಳ ನಮ್ಮ ಬೆರಳ ತುದಿಯಲ್ಲಿ 1951ರಲ್ಲೇ ಬಗೆಹರಿದಿದೆ. ಆ ವರ್ಷ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಗೂ ಹಿಂದಿಯ, ಬಂಗಾಳಿಯ, ತಮಿಳಿನ ‘ಕ’ಗೂ ಒಂದೇ ಚುಕ್ಕಿಗಳು: ಒಂದು ಮತ್ತು ಮೂರು. ದೇವನಾಗರಿ ಬಾರದ ಕನ್ನಡದ ಬ್ರೈಲ್ ಓದುಗರು ಮರಾಠಿ ಪುಸ್ತಕದ ಮೇಲೆ ಬೆರಳಾಡಿಸಿ ಉಚ್ಚರಿಸಬಲ್ಲರು. ಕಣ್ಣಿದ್ದವರಿಗೆ ಮಾತ್ರ ಲಿಪಿ ಬೇರೆ. ಸಂಘದ ವ್ಯವಹಾರದಲ್ಲಿ ರಾಜ್ಯ ಘಟಕ ತನ್ನ ಭಾಷೆಯಲ್ಲೇ ನಡೆಯಲಿ, ರಾಷ್ಟ್ರೀಯ ಸುತ್ತೋಲೆ ಆಯಾ ಭಾಷೆಗೆ ಅನುವಾದವಾಗದ ಹೊರತು ಹೊರಡದಿರಲಿ. ಖರ್ಚಿನ ಬಾಬತ್ತೇ ಹೌದು. ಶಾಲು ಹಾರದ ಬಾಬತ್ತಿನಿಂದ ತೆಗೆಯಬಹುದು.

ಸಂಘವಾದರೆ ಕೆಲಸ ಕಾಯಂ ಆಗುತ್ತದೆಯೇ?

ಯಾರೂ ಹಾಗೆ ಮಾತು ಕೊಡಲಾಗದು. ಆದರೆ ದಾರಿ ಇದೆ. ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಬೇಕೆಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದೇಶ ಬಂದ ಮೇಲೆ ಯಾವ ಜಿಲ್ಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಎಂದು ಲೆಕ್ಕ ಹಿಡಿದು ಇಲಾಖೆಯ ಮೇಜಿನ ಮೇಲಿಡುವವರು ಬೇಕು. ಒಬ್ಬಂಟಿ ಗುತ್ತಿಗೆ ಶಿಕ್ಷಕಿ ಇದನ್ನು ಮಾಡಿದರೆ ಮುಂದಿನ ವರ್ಷ ಅವರ ಗುತ್ತಿಗೆ ನವೀಕರಣವಾಗದೆ ಹೋದೀತು. ಸಂಘ ಮಾಡಿದರೆ ಅದು ಮನವಿಪತ್ರ.

ಜಿಲ್ಲಾ ಘಟಕ ತೆರೆಯಲು ಅನುಮತಿ ಬೇಕೇ?

ಮೂರು ಜನ ಸಿಕ್ಕರೆ ತೆರೆಯಿರಿ.

ಸರಿ, ಈ ತಿಂಗಳು ಏನು ಮಾಡಲಿ?

ಅಕ್ಟೋಬರ್ 15ರ ಬಿಳಿ ಕೋಲಿನ ದಿನ ಎದ್ದು, ಜನವರಿ 4ರ ಬ್ರೈಲ್ ದಿನ ಮಾಲೆ ಹಾಕಿಸಿಕೊಂಡು ಮತ್ತೆ ಮಲಗುವ ಸಂಘ ನಮಗೆ ಬೇಡ. ಹಾಗಾಗಿ ಸಮಾರಂಭದಿಂದ ಶುರು ಮಾಡಬೇಡಿ. ನಿಮ್ಮ ತಾಲ್ಲೂಕಿನಲ್ಲಿ, ಪಕ್ಕದ ತಾಲ್ಲೂಕಿನಲ್ಲಿ ನಮ್ಮ ಕೆಲಸದವರು ಯಾರಿದ್ದಾರೆ ಎಂದು ವಿಚಾರಿಸಿ ಐದು ಹೆಸರು ಬರೆದುಕೊಳ್ಳಿ. ವಾರದಲ್ಲಿ ಒಂದು ಸಂಜೆ ಗೊತ್ತು ಮಾಡಿ ಐವರೂ ಒಂದೇ ಕರೆಯಲ್ಲಿ ಸೇರಿ. ಒಬ್ಬರು ತಮಗೆ ಬಗೆಹರಿಯದ ಒಂದು ಪ್ರಕರಣ ಹೇಳಲಿ, ವ್ಯಕ್ತಿಯ ಹೆಸರು ಬಿಟ್ಟು. ಉಳಿದವರು ತಾವು ಮಾಡಿ ನೋಡಿದ್ದನ್ನಷ್ಟೇ ಹೇಳಲಿ. ಯಾರಾದರೂ ಒಬ್ಬರು ಅದನ್ನು ಯೂನಿಕೋಡ್‌ನಲ್ಲಿ ಬರೆದಿಡಲಿ.

ದರ್ಜಿಯವರ ಬಗ್ಗೆ ಕೆಲವರು ಕೇಳುತ್ತಾರೆ. ದಪ್ಪ ತುದಿಯ ಕೋಲು ತೆಗೆದುಕೊಂಡು ಮತ್ತೆ ಅವರ ಮನೆಗೆ ಹೋದೆ. ಮೊದಲು ಬೈದರು, ಆಮೇಲೆ ಚಪ್ಪಲಿ ಹಾಕಿಕೊಂಡರು. ಬಸ್ ನಿಲ್ದಾಣ ತಲುಪಲು ನಮಗೆ ಹನ್ನೊಂದು ದಿನ ಹಿಡಿಯಿತು.